ಕಕ್ಕಸಿನಿಂದ ಕಸದ ಕಾರ್ಖಾನೆವರೆಗೆ

ಚಿಲಕ ಹಾಕುವವರೆಗೂ ಹೊರಗಿನ ಲೋಕ ನನ್ನನ್ನು ನೋಡುತ್ತಲೇ ಇದೆ. ನಾಯಿ ಹಿಡಿದುಕೊಂಡು ನಿಂತ ಅಜ್ಜಿ, ಸೈಕಲ್ಲಿನ ಹಿಂದೆ ಮಗುವನ್ನು ಕೂರಿಸಿಕೊಂಡು ಹೊರಟ ತಾಯಿ, ಬೆಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿದ ಆಫೀಸಿನ ಹುಡುಗ, ಎಲ್ಲರೂ ಗಾಜಿನಾಚೆ ನಿಚ್ಚಳವಾಗಿ ಕಾಣುತ್ತಿದ್ದಾರೆ. ಅಂದಮೇಲೆ ನಾನೂ ಅವರಿಗೆ ಅಷ್ಟೇ ನಿಚ್ಚಳ. ಧೈರ್ಯ ಮಾಡಿ ಚಿಲಕ ತಿರುಗಿಸುತ್ತೇನೆ. ನೋಡನೋಡುತ್ತಿದ್ದಂತೆ ಗೋಡೆಗಳಿಗೆಲ್ಲ ಮಂಜು ಕವಿಯುತ್ತದೆ. ಅಜ್ಜಿ, ನಾಯಿ, ತಾಯಿ ಎಲ್ಲ ಮಾಯ. ಬಂದ ಕೆಲಸ ಮರೆತು ಚಿಲಕ ತೆಗೆಯುತ್ತೇನೆ, ಹಾಕುತ್ತೇನೆ, ಮತ್ತೆ ತೆಗೆಯುತ್ತೇನೆ. ಅಜ್ಜಿಯ ನಾಯಿ ಬೊಗಳತೊಡಗಿದ ಮೇಲೆ ಆಟ ನಿಲ್ಲಿಸಿದೆ.

ಇದು ಟೋಕಿಯೋದ ಶಿಬುಯಾದಲ್ಲಿರುವ ಯೊಯೊಗಿ ಫುಕಾಮಾಚಿ ಎಂಬ ಪುಟಾಣಿ ಪಾರ್ಕು. ಗಾಜಿನ ಕಕ್ಕಸು ವಾಸ್ತುಶಿಲ್ಪಿ ಶಿಗೆರು ಬಾನ್ ಅವರ ಕಲ್ಪನೆ. ಸಾರ್ವಜನಿಕ ಕಕ್ಕಸಿಗೆ ಕಾಲಿಡುವ ಮುನ್ನ ಜನರಿಗಿರುವುದು ಎರಡು ಅಂಜಿಕೆ: ಒಳಗೆ ಗಲೀಜಾಗಿದೆಯೋ ಏನೋ, ಒಳಗೆ ಯಾರಾದರೂ ಅಡಗಿದ್ದಾರೋ ಏನೋ. ಹೊರಗಿನಿಂದಲೇ ಎರಡೂ ಗೊತ್ತಾಗಲಿ ಎಂದು ಅವರು ಗೋಡೆಯನ್ನೇ ಗಾಜು ಮಾಡಿಬಿಟ್ಟರು. ಚಳಿ ಹೆಚ್ಚಾದಾಗ ಗಾಜು ಮಸುಕಾಗಲು ತಡಮಾಡುತ್ತದೆಂದು ಒಂದು ಚಳಿಗಾಲದಲ್ಲಿ ಅದನ್ನು ಸದಾ ಮಸುಕಾಗಿಯೇ ಇಟ್ಟಿದ್ದರಂತೆ. ನಾನು ಬಂದಿರುವುದು ಅಕ್ಟೋಬರಿನಲ್ಲಿ, ಮಾನ ಉಳಿಯಿತು.

ವಿಮ್ ವೆಂಡರ್ಸ್ ಅವರ 'ಪರ್ಫೆಕ್ಟ್ ಡೇಸ್' ನೋಡಿದವರಿಗೆ ಈ ಗಾಜು ನೆನಪಿರುತ್ತದೆ. ಅದರಲ್ಲಿ ಕಕ್ಕಸು ತೊಳೆಯುವ ಹಿರಾಯಾಮಾ, ಕಕ್ಕಾಬಿಕ್ಕಿಯಾಗಿ ನಿಂತ ಪರದೇಶದ ಹೆಂಗಸೊಬ್ಬಳಿಗೆ ಚಿಲಕ ಹಾಕಿ ತೋರಿಸುತ್ತಾನೆ. ಆ ಪಾತ್ರಕ್ಕೆ ಕೋಜಿ ಯಾಕುಶೋ 2023ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಪಡೆದರು. ಈಚಿನ ವರ್ಷಗಳಲ್ಲಿ ನನ್ನ ತಲೆ ತಿಂದ ಸಿನಿಮಾಗಳಲ್ಲಿ ನಾಲ್ಕು ಜಪಾನಿನ ನೆಲದಲ್ಲೇ ನಡೆಯುತ್ತವೆ: ಇದೊಂದು, ಹಿರೊಕಾಜು ಕೊರೆಎಡಾ ಅವರ 'ಮಾನ್‌ಸ್ಟರ್', ರಿಯೂಸುಕೆ ಹಮಾಗುಚಿ ಅವರ 'ಡ್ರೈವ್ ಮೈ ಕಾರ್' ಮತ್ತು 'ಈವಿಲ್ ಡಸ್ ನಾಟ್ ಎಗ್ಸಿಸ್ಟ್'. ಪರದೆಯ ಮೇಲೆ ಕಂಡ ಜಾಗಗಳಲ್ಲಿ ನಿಂತು ಅವನ್ನು ಇನ್ನೊಮ್ಮೆ ಓದಬೇಕೆಂಬ ಹುಚ್ಚಿಗೆ ನನ್ನ ತಂಗಿಯ ಮಗ ನೆಪವಾದ. ಅವನ ಮನೆ ಇರುವುದು ನಿಶಿಕಾಸಾಯ್‌ನಲ್ಲಿ. ಸಾಫ್ಟ್‌ವೇರಿಗೆಂದು ಬಂದ ಭಾರತೀಯರು ಅಲ್ಲಿ ಎಷ್ಟಿದ್ದಾರೆಂದರೆ ತೊಗರಿಬೇಳೆಗೆ ಪರದಾಡಬೇಕಿಲ್ಲ.

"ಮಾಮ, ಊರಿಂದ ಬಂದೋರೆಲ್ಲ ಫ್ಯೂಜಿ ನೋಡ್ಬೇಕು ಅಂತಾರೆ. ನೀವು ಕಕ್ಕಸು ನೋಡ್ಬೇಕು ಅಂತೀರ. ಅಮ್ಮ ಕೇಳಿದ್ರೆ ಏನು ಹೇಳ್ಲಿ?"

"ಸಿನಿಮಾಗೆ ಹೋಗಿದಾರೆ ಅಂತ ಹೇಳಪ್ಪ."

ಶಿಬುಯಾದಲ್ಲಿ ಇಂಥ ಶೌಚಾಲಯಗಳು 17. ನಿಪ್ಪಾನ್ ಫೌಂಡೇಶನ್ ಕಟ್ಟಿಸಿದ ಇವು 2020ರಿಂದ ಒಂದೊಂದಾಗಿ ಬಾಗಿಲು ತೆರೆದವು. ವಾಸ್ತುಶಿಲ್ಪದ ನೊಬೆಲ್ ಎನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ನಾಲ್ವರು, ಫುಮಿಹಿಕೊ ಮಾಕಿ, ತಡಾವೊ ಆಂಡೊ, ಟೊಯೊ ಇಟೊ ಮತ್ತು ಶಿಗೆರು ಬಾನ್, ಕೂತು ಕಕ್ಕಸಿನ ನಕ್ಷೆ ಬರೆದಿದ್ದಾರೆ ಎಂಬುದನ್ನು ಮೆಜೆಸ್ಟಿಕ್ಕಿನಲ್ಲಿ ಚಿಲ್ಲರೆ ಕೊಟ್ಟು ಮೂಗು ಮುಚ್ಚಿಕೊಂಡು ಒಳಹೋಗುವ ನಾನು ಹೇಗೆ ನಂಬಲಿ? ನಕ್ಷೆ ಹಿಡಿದು ನಡೆಯುತ್ತೇನೆ. ಶೋಟೊ ಬಡಾವಣೆಯ ನಬೆಶಿಮಾ ಪಾರ್ಕಿನಲ್ಲಿ ಕೆಂಗೊ ಕುಮಾ ಅವರದು ಗಿಡಮರಗಳ ನಡುವೆ ಐದು ಗುಡಿಸಲು. ಮೈತುಂಬ ಸೀಡರ್ ಹಲಗೆಗಳನ್ನು ಅಡ್ಡಾದಿಡ್ಡಿ ಬಡಿದಿದ್ದಾರೆ. ಕಟ್ಟಡ ಮುಗಿಯುವ ಮುಂಚೆಯೇ ಮೇಸ್ತ್ರಿ ಊಟಕ್ಕೆ ಎದ್ದುಹೋದ ಹಾಗಿದೆ, ಆದರೂ ಚೆಂದ. ಯೊಯೊಗಿ ಹಚಿಮಾನ್ ದೇಗುಲದ ಬುಡದಲ್ಲಿ ಇಟೊ ಅವರ ಮೂರು ಅಣಬೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಹಿರಾಯಾಮಾ ದಿನಾ ಮಧ್ಯಾಹ್ನ ಸ್ಯಾಂಡ್‌ವಿಚ್ ತಿನ್ನುತ್ತ ಮರದ ನೆತ್ತಿಯ ಫೋಟೊ ತೆಗೆಯುವ ತೋಪು. ನಾನೂ ಕೂತು ತಲೆ ಎತ್ತುತ್ತೇನೆ. ಎಲೆಗಳ ನಡುವಿನ ಬಿಸಿಲು ಚೆನ್ನಾಗಿಯೇ ಇದೆ. ಕೆಳಗೆ ಸೊಳ್ಳೆಗಳೂ ಇವೆ, ಅವು ಸಿನಿಮಾದಲ್ಲಿ ಕಾಣುವುದಿಲ್ಲ.

ಇಳಿದು ಬರುವಾಗ ಅಣಬೆಗಳ ಮುಂದೆ ನೀಲಿ ಸಮವಸ್ತ್ರದ ಒಬ್ಬರು ಕೆಲಸ ಶುರುಮಾಡಿದ್ದರು. ಸಿನಿಮಾದಲ್ಲಿ ಇರುವಂಥದೇ ಬಟ್ಟೆ, ಬೆನ್ನ ಮೇಲೆ ಯೋಜನೆಯ ಹೆಸರು. ನೆಲ ಒರೆಸಿದರು, ಕನ್ನಡಿ ಒರೆಸಿದರು, ನಲ್ಲಿಯ ಕತ್ತನ್ನು ಚಿಕ್ಕ ಬಟ್ಟೆಯಿಂದ ಸುತ್ತಿ ತಿರುಚಿ ಹೊಳೆಯಿಸಿದರು. ನಡುವೆ ಯಾರೋ ಬಂದರೆ ಬಕೆಟ್ ಸಮೇತ ಹೊರಗೆ ಸರಿದು ಗೋಡೆಗೆ ಆತು ನಿಲ್ಲುವುದು, ಅವರು ಹೋದಮೇಲೆ ಮೊದಲಿನಿಂದ ಮತ್ತೆ ಶುರು. ಯಾಕುಶೋ ಇದನ್ನು ಕೂದಲೆಳೆಯಷ್ಟೂ ತಪ್ಪದೆ ಮಾಡಿದ್ದಾರೆ. ಕಮೋಡಿನ ಅಂಚಿನ ಅಡಿಗೆ ಪುಟ್ಟ ಕನ್ನಡಿ ಹಿಡಿದು ನೋಡುವುದಂತೂ ಹಲ್ಲಿನ ಡಾಕ್ಟರರ ಶ್ರದ್ಧೆ.

ಮೆಚ್ಚುತ್ತಲೇ ಒಂದು ತಕರಾರು ಎದ್ದಿತು. ಈ ಶೌಚಾಲಯಗಳ ಬಗ್ಗೆ ಕಿರುಚಿತ್ರಗಳನ್ನು ಮಾಡಿಕೊಡಿ ಎಂದು ವೆಂಡರ್ಸ್ ಅವರನ್ನು ಕರೆಸಿದ್ದು ಯೋಜನೆಯವರೇ. ಅದನ್ನು ಪೂರ್ಣಾವಧಿ ಕಥಾಚಿತ್ರ ಮಾಡಿದ್ದು ಅವರ ಜಾಣ್ಮೆ. ಆದರೆ ಎರಡು ಗಂಟೆಯ ಸಿನಿಮಾದಲ್ಲಿ ನಿಜವಾಗಿ ಹೊಲಸಾದ ಒಂದು ಕಮೋಡೂ ಕಾಣುವುದಿಲ್ಲ. ಡ್ರೈವರ್ ಇಟ್ಟುಕೊಂಡ ಕಾರಿನಲ್ಲಿ ಹಿರಾಯಾಮಾನ ತಂಗಿ ಬಂದಿಳಿದಾಗ ನಮಗೆ ತಿಳಿಯುತ್ತದೆ: ಈತ ಶ್ರೀಮಂತ ಮನೆ ಬಿಟ್ಟು ಈ ಕೆಲಸವನ್ನು ಆರಿಸಿಕೊಂಡವನು. ಆರಿಸಿಕೊಳ್ಳುವುದು! ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ, ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿ ಎಂದು ಆಜ್ಞೆ ಹೊರಡಿಸಬೇಕಾದ ನಾಡಿನಿಂದ ಬಂದವನು ನಾನು. 2013ರಲ್ಲಿ ದೇಶ ಮತ್ತೊಂದು ಕಾಯ್ದೆ ತಂದ ಮೇಲೂ ನಮ್ಮಲ್ಲಿ ಮ್ಯಾನ್‌ಹೋಲಿಗೆ ಇಳಿದವರು ಸಾಯುತ್ತಲೇ ಇದ್ದಾರೆ. ಅವರಲ್ಲಿ ಯಾರೂ ಆರಿಸಿಕೊಂಡವರಲ್ಲ. ಸಿನಿಮಾದ ಕೊನೆಯಲ್ಲಿ ವ್ಯಾನ್ ಓಡಿಸುತ್ತ ಯಾಕುಶೋ ನಗುವುದೂ ಅಳುವುದೂ ಒಟ್ಟಿಗೆ ಬರುವ ಆ ಮುಖ ಇಲ್ಲದಿದ್ದರೆ ನಾನು ಈ ಚಿತ್ರವನ್ನು ಜಾಹೀರಾತು ಎಂದು ತಳ್ಳಿಹಾಕುತ್ತಿದ್ದೆನೇನೋ. ಆ ಮುಖ ಇದೆ. ಹಾಗಾಗಿ ತಳ್ಳಿಹಾಕಲಾರೆ.

ಸಂಜೆ ಅಸಾಕುಸಾ. ಮೇಲೆ ಸೆನ್ಸೋಜಿ ದೇವಾಲಯದ ಜನಜಾತ್ರೆ. ಸಿನಿಮಾದ ಜಾಡು ಹಿಡಿದು ನಾನು ಮೆಟ್ಟಿಲಿಳಿದು ನೆಲದಡಿಯ ಅಂಗಡಿ ಬೀದಿಗೆ ಹೋಗುತ್ತೇನೆ. 1927ರಲ್ಲಿ ಶುರುವಾದ, ಏಷ್ಯಾದ ಮೊದಲ ಮೆಟ್ರೋ ಎನ್ನುವ ಗಿಂಜಾ ಲೈನಿನ ನಿಲ್ದಾಣದ ಪಕ್ಕದಲ್ಲೇ ಇದು. ಹೊರಗೆ 634 ಮೀಟರಿನ ಸ್ಕೈಟ್ರೀ ಗೋಪುರ ಮಿನುಗುತ್ತಿದ್ದರೆ ಇಲ್ಲಿ ಕೈಚಾಚಿದರೆ ಸಿಗುವ ಚಾವಣಿ, ಅದರ ತುಂಬ ಪೈಪುಗಳು, ಕ್ಷೌರದಂಗಡಿ, ಎಣ್ಣೆಯ ಹೊಗೆ. ಹಿರಾಯಾಮಾ ಕೂತರೆ ಸಾಕು, ಮಾಲೀಕ ಲೋಟ ತಂದಿಡುತ್ತಾನೆ. ನಾನು ಕೂತು "ಮಾಂಸ ಬೇಡ" ಎಂದು ಫೋನಿನಲ್ಲಿ ಬರೆದು ತೋರಿಸಿದೆ. ಅಂಗಡಿಯಾತ ಬಹಳ ಹೊತ್ತು ಯೋಚಿಸಿ, ಮಾಂಸವನ್ನೆಲ್ಲ ಆರಿಸಿ ತೆಗೆದ ನೂಡಲ್ಸಿನ ಮೇಲೆ ಮೀನಿನ ಹುಡಿ ಧಾರಾಳವಾಗಿ ಉದುರಿಸಿ ತಂದುಕೊಟ್ಟು ಕೈಮುಗಿದ. ಬಿಸಿಗೆ ಆ ಹುಡಿ ಇನ್ನೂ ಜೀವವಿರುವಂತೆ ಮಿಸುಕಾಡುತ್ತಿತ್ತು.

ಹೊಟ್ಟೆಗಾಗದ್ದು ಮೈಗಾಯಿತು. ಹಿರಾಯಾಮಾನ ಹಾಗೆ ಬೀದಿಯ ಸ್ನಾನಗೃಹಕ್ಕೆ ಹೋದೆ. ಗಂಡಸರ ಕಡೆ ಪರದೆ ಸರಿಸಿದರೆ ಎಲ್ಲರೂ ಹುಟ್ಟುಡುಗೆಯಲ್ಲಿ, ಯಾರಿಗೂ ಯಾರ ಗೊಡವೆಯೂ ಇಲ್ಲ. ಚಡ್ಡಿಯಲ್ಲಿ ನಿಂತ ನಾನೊಬ್ಬನೇ ಬೆತ್ತಲೆಯವನಂತೆ ಎಲ್ಲರ ಕಣ್ಣಿಗೆ ಬಿದ್ದೆ. ಮೊದಲು ಕುಳ್ಳಗಿನ ಸ್ಟೂಲಿನ ಮೇಲೆ ಕೂತು ಸೋಪು ಹಚ್ಚಿ ತಿಕ್ಕಿ ತೊಳೆದು, ಆಮೇಲೆ ಸುಡುನೀರಿನ ತೊಟ್ಟಿಗೆ ಇಳಿಯಬೇಕು. ದೀಪಾವಳಿಯ ಹಂಡೆನೀರಿಗೆ ಪಳಗಿದ ಮೈಯೂ "ಅಯ್ಯಪ್ಪಾ" ಎಂದಿತು. ಪಕ್ಕದ ಮುದುಕರು ನಕ್ಕು, ತಣ್ಣೀರಿನ ನಲ್ಲಿಯನ್ನು ನನ್ನ ಕಡೆಗೆ ತಿರುಗಿಸಿದರು.

ಶಿಂಜುಕುವಿನಿಂದ ಪಶ್ಚಿಮಕ್ಕೆ ಹೊರಟ ರೈಲು ಗುಡ್ಡಗಳನ್ನು ಹತ್ತುತ್ತ ಹೋಗುತ್ತದೆ. ಎಡಕ್ಕೆ ಫ್ಯೂಜಿ ಒಂದು ಗಳಿಗೆ ಇಣುಕಿತು. ತಂಗಿಗೆ ಹೇಳಲು ಅಷ್ಟು ಸಾಕು. ಫುಜಿಮಿ ನಿಲ್ದಾಣ 955 ಮೀಟರ್ ಎತ್ತರದಲ್ಲಿದೆ, ಈ ಚುವೊ ಲೈನಿನಲ್ಲಿ ಎಲ್ಲಕ್ಕಿಂತ ಮೇಲೆ. ಇಳಿದ ಕೂಡಲೇ ಮೂಗಿನ ತುದಿ ತಣ್ಣಗಾಯಿತು. ಯಾತ್ಸುಗತಾಕೆ ಬೆಟ್ಟಸಾಲಿನ ತಪ್ಪಲಿನ ಈ ಸೀಮೆಯಲ್ಲೇ ಹಮಾಗುಚಿ 'ಈವಿಲ್ ಡಸ್ ನಾಟ್ ಎಗ್ಸಿಸ್ಟ್' ತೆಗೆದದ್ದು. ಸಂಗೀತಗಾರ್ತಿ ಎಯ್ಕೊ ಇಶಿಬಾಶಿ ತಮ್ಮ ಕಛೇರಿಯ ಹಿನ್ನೆಲೆಗೆ ಒಂದಿಷ್ಟು ದೃಶ್ಯ ಬೇಕೆಂದರು. ಅದು ಬೆಳೆದು ಸಿನಿಮಾವಾಗಿ 2023ರ ವೆನಿಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಮಹಾ ಬಹುಮಾನ ಪಡೆಯಿತು. ನಾಯಕ ಹಿತೋಶಿ ಒಮಿಕಾ ನಟರೇ ಅಲ್ಲ. ಚಿತ್ರತಂಡದ ಕೆಲಸಗಾರರಾಗಿದ್ದ ಅವರು ಜಾಗ ಹುಡುಕಲು ಹೋದಾಗ ಕಾರು ಓಡಿಸುತ್ತಿದ್ದರು. ಹಮಾಗುಚಿಗೆ ಆ ಮುಖ ಸಾಕೆನಿಸಿತು.

ಲಾರ್ಚ್ ಮರಗಳು ಹಳದಿಗೆ ತಿರುಗುತ್ತಿವೆ. ಕಾಲುದಾರಿಯ ಪಕ್ಕದ ತೊರೆ ಎಷ್ಟು ತಿಳಿಯೆಂದರೆ ಮುಟ್ಟುವವರೆಗೆ ನೀರಿದೆಯೆಂದೇ ಗೊತ್ತಾಗದು. ಸಿನಿಮಾದಲ್ಲಿ ಟೋಕಿಯೋದ ಕಂಪನಿಯೊಂದು ಈ ಕಾಡಿನಲ್ಲಿ ಐಷಾರಾಮಿ ಡೇರೆಗಳ ರೆಸಾರ್ಟ್ ಮಾಡಹೊರಡುತ್ತದೆ. ಊರವರ ಸಭೆ ಕರೆದರೆ ಜಗಳ ಹತ್ತುವುದು ಯಾವುದಕ್ಕೆ? ಕಕ್ಕಸಿನ ಗುಂಡಿಗೆ! ಸೆಪ್ಟಿಕ್ ಟ್ಯಾಂಕ್ ಎಲ್ಲಿ ಕೂರುತ್ತದೆ, ಎಷ್ಟು ಜನರಿಗೆ ಸಾಕಾಗುತ್ತದೆ, ಸೋರಿದ್ದು ಯಾರ ಬಾವಿಗೆ ಇಳಿಯುತ್ತದೆ. ಊಟದಂಗಡಿಯ ಹೆಂಗಸು ತನ್ನ ನೂಡಲ್ಸಿನ ರುಚಿ ಈ ನೀರಿನದು ಎನ್ನುತ್ತಾಳೆ. ಮುದುಕರು ದನಿ ಎತ್ತದೆ, ಮೇಲಿನವರು ಮಾಡಿದ್ದನ್ನು ಕೆಳಗಿನವರು ಕುಡಿಯಬೇಕಾಗುತ್ತದೆಂದು ವಿವರಿಸುತ್ತಾರೆ. ಅಭಿಪ್ರಾಯ ಕೇಳಲೆಂದು ಕಂಪನಿ ಕಳಿಸಿದ ಇಬ್ಬರಿಗೆ ಉತ್ತರವೇ ಇಲ್ಲ. ಈಚಿನ ಸಿನಿಮಾಗಳಲ್ಲಿ ಇಷ್ಟು ಬಿಗಿಯಾದ ಸಭೆ ನಾನು ಕಂಡಿಲ್ಲ. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ತೋಟದ ಪಕ್ಕ ರೆಸಾರ್ಟ್ ಎದ್ದವರು ಇದನ್ನು ಕೂತು ನೋಡಬೇಕು. ನಮ್ಮಲ್ಲಿ ಸಭೆ ಕರೆಯುವ ಪದ್ಧತಿಯೂ ಅಪರೂಪ.

ಕೊನೆಯ ಕೆಲವು ನಿಮಿಷಗಳಲ್ಲಿ ಚಿತ್ರ ಥಟ್ಟನೆ ಕತ್ತಲೆಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ನೋಡಿದಾಗ ಅದು ನಿರ್ದೇಶಕರ ಹಟವೆನಿಸಿತ್ತು. ಇಲ್ಲಿ ಸಂಜೆ ನಾಲ್ಕೂವರೆಗೇ ಬೆಳಕು ಜಾರುತ್ತದೆ, ಮರಗಳ ನಡುವಿನಿಂದ ನೆಲದ ಮಂಜು ಏಳುತ್ತದೆ, ದೂರದಲ್ಲಿ ಎಲ್ಲೋ ಜಿಂಕೆ ಕೂಗುತ್ತದೆ. ನಾನು ದಾರಿ ತುಳಿದದ್ದು ಲಗುಬಗೆಯಲ್ಲಿ. ಹಟವೆಂಬ ಮಾತನ್ನು ಅಲ್ಲೇ ಅರ್ಧ ವಾಪಸು ತೆಗೆದುಕೊಂಡೆ, ಉಳಿದರ್ಧ ಇನ್ನೂ ನನ್ನ ಬಳಿಯೇ ಇದೆ.

ಊಟಕ್ಕೆ ಇಲ್ಲಿ ಸೊಬಾ, ಅಂದರೆ ಹುರುಳಿಯ ಬಣ್ಣದ ಎಳೆಗಳು. ಅದ್ದಿಕೊಳ್ಳುವ ಸಾರಿಗೆ ಮೀನಿಲ್ಲದೆ ಗತಿಯಿಲ್ಲವೆಂದು ಅಂಗಡಿಯಾಕೆಗೂ ನನಗೂ ಒಟ್ಟಿಗೇ ಅರ್ಥವಾಗಿ ಇಬ್ಬರೂ ನಕ್ಕೆವು. ಆಕೆ ಒಳಹೋಗಿ ಒಂದು ಚಿಟಿಕೆ ಉಪ್ಪು ಮತ್ತು ಆಗಷ್ಟೇ ತೇದ ವಸಾಬಿ ತಂದಿಟ್ಟಳು. ತಣ್ಣೀರಿನಲ್ಲಿ ಜಾಲಿಸಿದ ಸೊಬಾ, ಮೇಲೆ ಉಪ್ಪು. ಅಷ್ಟರಲ್ಲೇ ನೀರಿನ ರುಚಿ ಏನೆಂದು ಸಿನಿಮಾದ ಆ ಹೆಂಗಸು ಹೇಳಿದ್ದು ನಾಲಿಗೆಗೆ ಸಿಕ್ಕಿತು. ಆಮೇಲೆ ವಸಾಬಿ ಮೂಗಿಗೆ ಏರಿ ಬೇರೆಲ್ಲ ರುಚಿಯನ್ನೂ ಅಳಿಸಿಹಾಕಿತು.

ಮರುದಿನ ತತ್ಸುಬಾ ಹೊಳೆಯ ಹಳೆಯ ಕಬ್ಬಿಣದ ಸೇತುವೆಗೆ ನಡೆದೆ. ರೈಲು ಹೊಸ ಹಳಿ ಹಿಡಿದು ದಶಕಗಳಾಗಿವೆ. ಸೇತುವೆ ಮಾತ್ರ ತುಕ್ಕು ಹಿಡಿದು, ಕಣಿವೆಯ ಮೇಲೆ ಯಾರಿಗೂ ಬೇಡವಾಗಿ ನಿಂತಿದೆ. ಹತ್ತದಂತೆ ಬೇಲಿ ಹಾಕಿದ್ದಾರೆ. ಕೊರೆಎಡಾ ಅವರ 'ಮಾನ್‌ಸ್ಟರ್'ನ ಜಾಗಗಳಲ್ಲಿ ಇದೊಂದು. ಹುಡುಗರಿಬ್ಬರು ಅಡಗಿ ಆಡುವ ಪಾಳು ರೈಲುಡಬ್ಬಿಯ ಸುಳಿವೂ ಇಲ್ಲ. ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್'ನ ಮನೆಯಾದರೂ ಜಗಲಿ ಸಮೇತ ಇದೆ ಎಂದುಕೊಂಡು ಬೇಲಿಯ ಈಚೆಯಿಂದಲೇ ಫೋಟೊ ತೆಗೆದೆ.

ಸುವಾ ಪಟ್ಟಣಕ್ಕೆ ಕಾಮಿಸುವಾ ನಿಲ್ದಾಣದಲ್ಲಿ ಇಳಿಯಬೇಕು. ಪ್ಲಾಟ್‌ಫಾರ್ಮಿನ ಮೇಲೆಯೇ ಬಿಸಿನೀರಿನ ಬುಗ್ಗೆಯ ಕಾಲುತೊಟ್ಟಿ! ಚಪ್ಪಲಿ ಕಳಚಿ ಪ್ಯಾಂಟು ಮಡಿಚಿ ಕೂರುತ್ತೇನೆ. ಎದುರಿಗೆ ರೈಲು ಬರುತ್ತದೆ, ಹೋಗುತ್ತದೆ; ಕಿಟಕಿಯಲ್ಲಿ ಕೂತವರು ನನ್ನ ಕಾಲನ್ನೇ ನೋಡುತ್ತಾರೆ. ಪಕ್ಕದಲ್ಲಿ ಶಾಲೆಯ ಹುಡುಗಿಯರು ಕಾಲದ್ದಿಕೊಂಡು ಹೋಮ್‌ವರ್ಕ್ ಬರೆಯುತ್ತಿದ್ದಾರೆ. ಅರಸೀಕೆರೆ ಜಂಕ್ಷನ್ನಿನಲ್ಲಿ ರಾತ್ರಿ ಗಾಡಿಗೆ ಕಾದು ಕೂತ ಎಷ್ಟೋ ಗಂಟೆಗಳು ನೆನಪಾಗಿ ಹೊಟ್ಟೆ ಉರಿಯಿತು.

ತಾತೆಇಶಿ ಪಾರ್ಕಿನ ಏರು ಹತ್ತಿ ಉಸಿರು ಬಿಟ್ಟು ನೋಡಿದರೆ ಸುವಾ ಸರೋವರ ಇಡಿಯಾಗಿ ಕೆಳಗಿದೆ, ಸುತ್ತ ಊರು ಅಂಟಿಕೊಂಡಿದೆ. ಚಳಿಗಾಲದಲ್ಲಿ ಈ ಕೆರೆ ಹೆಪ್ಪುಗಟ್ಟಿ, ಮಂಜುಗಡ್ಡೆ ಸದ್ದುಮಾಡಿ ಸೀಳಿ ಉಬ್ಬುತ್ತದೆ. ದೇವರು ದಾಟಿಹೋದ ಹೆಜ್ಜೆ ಅದು ಎಂದು ನಂಬಿದ ಪೂಜಾರಿಗಳು 1443ರಿಂದ ದಾಖಲೆ ಇಟ್ಟುಕೊಂಡು ಬಂದಿದ್ದಾರೆ. ಈಚೆಗೆ ಕೆರೆ ಹೆಪ್ಪುಗಟ್ಟುವುದೇ ಅಪರೂಪ. 'ಮಾನ್‌ಸ್ಟರ್'ನಲ್ಲಿ ಈ ಕೆರೆ ಕತ್ತಲ ಗುಂಡಿಯಂತೆ ಕಾಣುತ್ತದೆ, ಸುತ್ತಲಿನ ದೀಪಗಳೇ ಹೆಚ್ಚು. ಒಂದೇ ಘಟನೆಯನ್ನು ತಾಯಿಯ ಕಣ್ಣಿಂದ, ಮೇಷ್ಟರ ಕಣ್ಣಿಂದ, ಕೊನೆಗೆ ಮಕ್ಕಳ ಕಣ್ಣಿಂದ ಹೇಳುವ ಈ ಚಿತ್ರದ ಚಿತ್ರಕಥೆ ಯೂಜಿ ಸಕಮೋಟೊ ಅವರದು, ಕಾನ್‌ನಲ್ಲಿ ಪ್ರಶಸ್ತಿ ಪಡೆದದ್ದು. ಕೊರೆಎಡಾ ಸಾಮಾನ್ಯವಾಗಿ ತಾವೇ ಬರೆದುಕೊಳ್ಳುವವರು. ಮೊದಲ ಭಾಗ ನನಗೆ ಈಗಲೂ ಒಪ್ಪಿಗೆಯಿಲ್ಲ. ಮುಂದೆ ನಮ್ಮನ್ನು ಬೆಚ್ಚಿಬೀಳಿಸಲೆಂದೇ ಕೆಲವನ್ನು ಅಲ್ಲಿ ಬಚ್ಚಿಟ್ಟಿದ್ದಾರೆ, ಮುಖ್ಯೋಪಾಧ್ಯಾಯಿನಿಯನ್ನು ಗೊಂಬೆಯಂತೆ ಕೂರಿಸಿದ್ದಾರೆ. ಮಕ್ಕಳು ಬಂದಮೇಲೆ ಎಲ್ಲ ಲೆಕ್ಕವೂ ಚುಕ್ತಾ. ತುಂಟರು ಪುಟ್ಟ ಯೋರಿಯನ್ನು ಶಾಲೆಯ ಕಕ್ಕಸಿನಲ್ಲಿ ಕೂಡಿಹಾಕುವ ಪ್ರಸಂಗವನ್ನು ಮೇಷ್ಟರು ಒಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ, ನಿಜ ಇನ್ನೊಂದಿರುತ್ತದೆ. ಇಲ್ಲೂ ಕಕ್ಕಸು! ಪಾರ್ಕಿನ ಕಟ್ಟೆಯ ಮೇಲೆ ಕೂತು ಹೊಳೆದದ್ದಿಷ್ಟು: ಊರು ತನ್ನ ಕೊಳೆಯನ್ನು ಯಾವ ಮೂಲೆಗೆ ತಳ್ಳಿ ಬಾಗಿಲು ಹಾಕುತ್ತದೋ ಅಲ್ಲೇ ಈ ನಿರ್ದೇಶಕರು ಕ್ಯಾಮೆರಾ ಇಡುತ್ತಿದ್ದಾರೆ. ರಿಯೂಯಿಚಿ ಸಕಮೋಟೊ ಅವರ ಪಿಯಾನೊ ಕಿವಿಯಲ್ಲಿತ್ತು; 2023ರ ಮಾರ್ಚಿನಲ್ಲಿ ತೀರಿಕೊಂಡ ಅವರ ಕೊನೆಯ ಚಿತ್ರಸಂಗೀತ ಇದು.

ಅಲ್ಲಿ ಕೊಂಡ ಕಿತ್ತಳೆ ತಿಂದು ಸಿಪ್ಪೆ ಎಸೆಯಲು ಬುಟ್ಟಿ ಹುಡುಕಿದೆ. ಇಲ್ಲ. ಬೀದಿಯಲ್ಲೂ ಇಲ್ಲ, ನಿಲ್ದಾಣದ ಹೊರಗೂ ಇಲ್ಲ. ಆದರೂ ನೆಲದಲ್ಲಿ ಒಂದು ಚೂರು ಕಾಗದವಿಲ್ಲ. ಎಲ್ಲರೂ ತಮ್ಮ ಕಸ ತಾವೇ ಹೊತ್ತು ಓಡಾಡುವ ದೇಶ ಇದು. ಸಿಪ್ಪೆ ನನ್ನ ಬ್ಯಾಗಿಗೆ ಸೇರಿತು. ಕಿಸೊ ಕಣಿವೆಯಲ್ಲಿ ತಿಂದ ಬಿಸ್ಕತ್ತಿನ ಕವರು, ನಗೋಯಾದಲ್ಲಿ ಶಿಂಕಾನ್ಸೆನ್ ಹತ್ತುವ ಮುನ್ನ ತಿಂದ ಅನ್ನದುಂಡೆಯ ಪ್ಲಾಸ್ಟಿಕ್ಕು, ಎಲ್ಲ ಅದಕ್ಕೆ ಜೊತೆಯಾದವು.

ಹಿರೋಶಿಮಾ. 'ಡ್ರೈವ್ ಮೈ ಕಾರ್' ಮೊದಲು ನಡೆಯಬೇಕಿದ್ದದ್ದು ಕೊರಿಯಾದ ಬುಸಾನಿನಲ್ಲಿ. ಕೊರೋನಾ ಬಂದು ಇಲ್ಲಿಗೆ ಬಂತು. ನಾಟಕದ ನಿರ್ದೇಶಕ ಕಾಫುಕು, ರಂಗಮಂದಿರದಿಂದ ಗಂಟೆ ಹೊತ್ತಿನ ದಾರಿಯಲ್ಲಿ ಉಳಿಯಲು ಮನೆ ಕೊಡಿ ಎನ್ನುತ್ತಾನೆ. ಕಾರಿನಲ್ಲಿ ಹೆಂಡತಿ ಓದಿಟ್ಟ ಕ್ಯಾಸೆಟ್ ಕೇಳುತ್ತ ಚೆಕಾವ್‌ನ ಮಾತು ಗಟ್ಟಿಮಾಡಲು ಅಷ್ಟು ಹೊತ್ತು ಬೇಕು. ಹಾಗೆ ಕೊಟ್ಟ ಮನೆ ಮಿತರಾಯ್ ಎಂಬ ದ್ವೀಪದ ಊರಿನಲ್ಲಿ. ಅವನಿಗೆ ಕೆಂಪು ಸಾಬ್ 900, ಅದನ್ನು ಓಡಿಸಲು ಮಿಸಾಕಿ. ನನಗೆ ದಿನಕ್ಕೆ ಕೆಲವೇ ಸಲ ಹೊರಡುವ ಬಸ್ಸು. ದ್ವೀಪದಿಂದ ದ್ವೀಪಕ್ಕೆ ಸೇತುವೆ, ಅದರಡಿ ಹಾಳೆಯಂತೆ ಬಿದ್ದಿರುವ ಸಮುದ್ರ, ಗುಡ್ಡದ ಮೈಯೆಲ್ಲ ಕಿತ್ತಳೆ ತೋಟ. ಹಿಂದೆ ಹಾಯಿಹಡಗುಗಳು ಗಾಳಿಗೂ ಉಬ್ಬರಕ್ಕೂ ಕಾದು ನಿಲ್ಲುತ್ತಿದ್ದ ಊರು ಮಿತರಾಯ್. ಈಗ ಅಲ್ಲಿ ಬಸ್ಸಿಗೆ ಕಾಯುವುದೊಂದೇ ಉಳಿದಿದೆ. ಮರದ ಮನೆಗಳ ಗೋಡೆಗೆ ಬಿದಿರಿನ ಕೊಳವೆ ಕಟ್ಟಿ ಹೂ ಇಟ್ಟಿದ್ದಾರೆ. ಬೆಕ್ಕುಗಳನ್ನು ಬಿಟ್ಟರೆ ಬೀದಿಯಲ್ಲಿ ನಾನೊಬ್ಬನೇ.

ಸುಮಾರು ಮೂರು ಗಂಟೆಯ ಈ ಚಿತ್ರ 2022ರಲ್ಲಿ ಆಸ್ಕರ್ ಪಡೆಯಿತು. ಅದರ ತಿರುಳು ಇರುವುದು ತಾಲೀಮಿನ ಕೋಣೆಯಲ್ಲಿ. ನಟರು ಮೇಜಿನ ಸುತ್ತ ಕೂತು, ಭಾವ ಬೆರೆಸದೆ, ಮಾತನ್ನು ಬರಿದೇ ಓದಬೇಕು. ಒಬ್ಬರದು ಜಪಾನಿ, ಒಬ್ಬರದು ಮ್ಯಾಂಡರಿನ್, ಇನ್ನೊಬ್ಬಾಕೆಯದು ಕೊರಿಯಾದ ಕೈಸನ್ನೆ. ಹೆಗ್ಗೋಡಿನ ನೀನಾಸಂ ಶಿಬಿರಗಳಲ್ಲಿ ಕೂತವರಿಗೆ ಇದು ಬೇಗ ಹತ್ತಿರವಾದೀತು. ಹಮಾಗುಚಿ ತಮ್ಮ ನಟರನ್ನು ತಯಾರು ಮಾಡುವುದೂ ಹೀಗೇ, ಜಾನ್ ರೆನ್ವಾರಿಂದ ಕಲಿತ ವಿಧಾನ. ಊರನ್ನು ಹೊಗಳುವ ಆತುರವಿಲ್ಲ ಅವರಿಗೆ. ಅಣುಬಾಂಬಿನ ಗುಮ್ಮಟವನ್ನು ಬದಿಗಿಟ್ಟು, ಪ್ರೇಕ್ಷಕನನ್ನು ಕರೆದುಕೊಂಡು ಹೋಗುವುದು ಕಸದ ಕಾರ್ಖಾನೆಗೆ.

ನಾನೂ ಅಲ್ಲಿಗೇ ಬಂದೆ. ಕೊಲ್ಲಿಯ ಅಂಚಿನಲ್ಲಿ ಯೊಶಿಯೊ ತನಿಗುಚಿ ಕಟ್ಟಿದ ನಾಕಾ ಸುಡುಘಟಕ, 2004ರದು. ಅದೇ ವರ್ಷ ಅವರು ವಿಸ್ತರಿಸಿದ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೂ ತೆರೆಯಿತು. ಕಸಕ್ಕೂ ಕಲೆಗೂ ಒಬ್ಬರೇ ಮೇಸ್ತ್ರಿ. ನಗರದ ಬೀದಿ ನೇರವಾಗಿ ಕಟ್ಟಡದ ಹೊಟ್ಟೆಯೊಳಗೆ ಗಾಜಿನ ಓಣಿಯಾಗಿ ನುಗ್ಗಿ ಆಚೆ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ತನಿಗುಚಿಯ ಗುರು ಕೆಂಜೊ ತಾಂಗೆ ಶಾಂತಿ ಸ್ಮಾರಕವನ್ನೂ ಗುಮ್ಮಟವನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದ್ದರು. ಆ ಗೆರೆಗೆ ಅಡ್ಡ ಬಾರದಂತೆ ಶಿಷ್ಯ ಕಟ್ಟಡದ ನಡು ಸೀಳಿದರು. ಚಿತ್ರದಲ್ಲಿ ಇದನ್ನು ಕಾಫುಕುಗೆ ವಿವರಿಸುವವಳು ಕಸದ ಲಾರಿ ಓಡಿಸಿದ್ದ ಮಿಸಾಕಿ. ಓಣಿಯ ಎರಡೂ ಬದಿಗೆ ಗಾಜಿನಾಚೆ ಬೆಳ್ಳಿಬಣ್ಣದ ದೈತ್ಯ ಯಂತ್ರಗಳು, ಅವುಗಳ ಬುಡದಲ್ಲಿ ಹಸಿರು ಗಿಡ. ವಾಸನೆಯ ಸುಳಿವಿಲ್ಲ. ದಿನಕ್ಕೆ 600 ಟನ್ ಸುಡುವ ಸಾಮರ್ಥ್ಯ ಇದಕ್ಕೆ. ಕಬ್ಬಿಣದ ಪಂಜ ಕಸವನ್ನು ಮೇಲೆತ್ತಿ ಬಿಡುವಾಗ ಉದುರುವ ಚೂರುಗಳು ಮಿಸಾಕಿಗೆ ಹಿಮದಂತೆ ಕಾಣುತ್ತವೆ. ಮಂಡೂರಿನ ಜನ, ಬೆಂಗಳೂರಿನ ಲಾರಿಗಳಿಗೆ ಅಡ್ಡ ಕೂತು 2014ರಲ್ಲಿ ಅವನ್ನು ನಿಲ್ಲಿಸಿದವರು, ಇಲ್ಲಿ ಬಂದು ನಿಂತರೆ ಏನನ್ನುವರೋ! ನಾನಂತೂ ಮ್ಯೂಸಿಯಮ್ಮಿನಲ್ಲಿ ನಡೆದಂತೆ ಕೈಕಟ್ಟಿ ನಡೆದೆ.

ಓಣಿಯ ತುದಿಯಲ್ಲಿ ಮೆಟ್ಟಿಲು, ಕೆಳಗೆ ಹುಲ್ಲು, ಸಮುದ್ರ. ಕಾಫುಕುವೂ ಮಿಸಾಕಿಯೂ ಮಾತಿಗೆ ಕೂತದ್ದು ಈ ಕಡೆಯೇ. ಈಗ ಒಬ್ಬ ವಯಸ್ಸಾದವರು ಗಾಳ ಹಾಕಿ ಕೂತಿದ್ದಾರೆ. ಬ್ಯಾಗು ಬಿಚ್ಚಿದರೆ ಸುವಾದ ಕಿತ್ತಳೆ ಸಿಪ್ಪೆ ಘಮ್ಮೆಂದಿತು. ಇಷ್ಟು ದೊಡ್ಡ ಕಸದ ಕಾರ್ಖಾನೆ ಬೆನ್ನ ಹಿಂದೆಯೇ ಇದೆ, ಇಲ್ಲಾದರೂ ಒಂದು ಬುಟ್ಟಿ ಇರಬೇಕಲ್ಲ? ಫೋನಿನಲ್ಲಿ ಕನ್ನಡದಲ್ಲೇ ಕೇಳಿದೆ. ಫೋನು ಜಪಾನಿಯಲ್ಲಿ ಒಪ್ಪಿಸಿತು. ಅವರು ಕಾರ್ಖಾನೆಯನ್ನೊಮ್ಮೆ, ನನ್ನ ಸಿಪ್ಪೆಯನ್ನೊಮ್ಮೆ ನೋಡಿ, ಬಹಳ ಸಂಕೋಚದಿಂದ ತಲೆಬಾಗಿ ಏನೋ ಹೇಳಿದರು. ಫೋನು ಅದನ್ನು ಕನ್ನಡಕ್ಕೆ ತಂದಿತು: ದಯವಿಟ್ಟು ನಿಮ್ಮ ಮನೆಗೆ ತೆಗೆದುಕೊಂಡು ಹೋಗಿ.

ನನ್ನ ಮನೆ ಇರುವುದು ಬೆಂಗಳೂರಿನ ವಿಜಯನಗರದಲ್ಲಿ. ಕಸದ ಆಟೋ ಬೆಳಿಗ್ಗೆ ಏಳಕ್ಕೆ ಬರುತ್ತದೆ.